ಅರಬ ರಾಷ್ಟ್ರಗಳ ರಾಜ್ಯವಿಪ್ಲವಗಳು: ಕಾರಣವಿಚಾರ ಮತ್ತು ಫಲವಿಚಾರ

೧. ವಿಷಯಪ್ರವೇಶ

ಪಶ್ಚಿಮದಲ್ಲಿ ಅಟ್ಲಾಂಟಿಕ್ ಮಹಾಸಾಗರದ ತೀರದಿಂದ ಮೊದಲುಗೊಂಡು ಪೂರ್ವದಲ್ಲಿ ಪಾರಸೀಕ ಕೊಲ್ಲಿಯವರೆಗೆ ಹಬ್ಬಿರುವ ಭೂಭಾಗದಲ್ಲಿ ಅರಬ್ಬೀ ಭಾಷೆಯನ್ನಾಡುವ ಜನಾಂಗಗಳು ನೆಲಸಿರುವುವು. ೧೯೪೫ನೆಯ ಇಸವಿಯಲ್ಲಿ ಕೈರೋ ನಗರದಲ್ಲಿ ಸ್ಥಾಪಿತವಾದ ಅರಬ ರಾಷ್ಟ್ರಸಂಘದಲ್ಲಿ ಈಗ ೨೨ ಸದಸ್ಯರಾಷ್ಟ್ರಗಳಿವೆ. ಇವುಗಳಲ್ಲಿ ಕೆಲವು ರಾಜರಿಂದಲೂ ಕೆಲವು ಅಧ್ಯಕ್ಷರಿಂದಲೂ ಆಳಲ್ಪಡುತ್ತವೆ. ಕೆಲವಕ್ಕೆ ನೆಲದೊಳಗಣ ತೈಲವೇ ಐಶ್ವರ್ಯ, ಕೆಲವಕ್ಕೆ ಆ ಭಾಗ್ಯವಿಲ್ಲ.

೨೦೧೦ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಟ್ಯುನೀಸಿಯಾ ದೇಶದ ಒಳನಾಡಿನ ಸಿದಿ ಬೂಜಿದ್ ಎಂಬ ಊರಿನಲ್ಲಿ ಹುಟ್ಟಿದ ಕ್ಷೋಭೆಯು ಕೆಲವೇ ತಿಂಗಳುಗಳಲ್ಲಿ ಈ ರಾಷ್ಟ್ರಗಳಲ್ಲಿ ಬಹುಭಾಗವನ್ನು ವ್ಯಾಪಿಸಿತು. ೨೩ ವರ್ಷ ಆಳಿದ ಬೆನ್ ಅಲಿ, ೨೯ ವರ್ಷ ಆಳಿದ ಹೋಸ್ನಿ ಮುಬಾರಕ್, ೪೨ ವರ್ಷ ಆಳಿದ ಗದ್ದಾಫಿ, ೩೩ ವರ್ಷ ಆಳಿದ ಅಲಿ ಅಬ್ದುಲ್ಲಾ ಸಾಲೆಹ್ ಇವರು ಒಬ್ಬರ ಹಿಂದೊಬ್ಬರು ಪದಚ್ಯುತರಾದರು. ಆದರೆ ಫಲವು ಏಕರೂಪವಾಗಲಿಲ್ಲ. ಒಂದು ದೇಶದಲ್ಲಿ ಹೊಸ ರಾಜ್ಯಾಂಗ ಶಾಸನವು ಜನ್ಮವೆತ್ತಿತು; ಒಂದರಲ್ಲಿ ಸೈನ್ಯದ ಪ್ರಭುತ್ವವು ಮರಳಿತು; ಮೂರರಲ್ಲಿ ಅಂತರ್ಯುದ್ಧವು ಹೊತ್ತಿತು; ಕೆಲವೆಡೆ ಸಿಂಹಾಸನಗಳು ಅಲುಗಲೇ ಇಲ್ಲ. ಒಂದೇ ಮಳೆ ಬಿದ್ದ ಹೊಲಗಳಲ್ಲಿ ಬೆಳೆಯು ಬೇರೆ ಬೇರೆಯಾದರೆ ಒಕ್ಕಲಿಗನು ಮಳೆಯನ್ನು ದೂರುವುದಿಲ್ಲ, ನೆಲವನ್ನು ಪರೀಕ್ಷಿಸುತ್ತಾನೆ. ಆ ನೆಲದ ಪರೀಕ್ಷೆಯೇ ಪ್ರಕೃತ ಲೇಖನದ ಉದ್ದೇಶವು.

೨. ಪದವಿಚಾರ

ಒಂದು ಜನಾಂಗವು ರಾಜ್ಯವನ್ನು ಹೇಗೆ ಭಾವಿಸಿತೆಂಬುದು ಅದರ ಶಬ್ದಗಳಿಂದ ಕೊಂಚಮಟ್ಟಿಗೆ ತಿಳಿಯುತ್ತದೆ. ಅರಬ್ಬಿಯಲ್ಲಿ ರಾಜ್ಯಕ್ಕೆ 'ದೌಲಾ' ಎಂದು ಹೆಸರು. ಅದರ ಧಾತ್ವರ್ಥವು ತಿರುಗುವುದು, ಸರದಿಯಾಗಿ ಬರುವುದು ಎಂದು. ಕ್ರಿ. ಶ. ೭೫೦ರಲ್ಲಿ ಉಮಯ್ಯದ್ ವಂಶವನ್ನು ಕೆಡಹಿದ ಅಬ್ಬಾಸೀಯರು ತಮ್ಮ ಅಧಿಕಾರದ ಸರದಿಯನ್ನು ಈ ಪದದಿಂದ ಕರೆದರು. ಕ್ರಮೇಣ ಅದು ರಾಜವಂಶಕ್ಕೂ, ಆ ಮೇಲೆ ರಾಜ್ಯಕ್ಕೂ ಹೆಸರಾಯಿತು. ಕನ್ನಡದಲ್ಲಿ ಸಿರಿಯನ್ನೂ ಅಧಿಕಾರದ ದರ್ಪವನ್ನೂ ಸೂಚಿಸುವ 'ದೌಲತ್ತು' ಇದೇ ಪದವು. 'ರಈಯಾ' ಎಂದರೆ ಕುರುಬನು ಕಾಯುವ ಮಂದೆ. ರಾಜನು ಪಾಲಕ, ಪ್ರಜೆ ಮಂದೆ ಎಂಬ ಭಾವದಿಂದ ಪ್ರಜೆಗಳಿಗೆ ಈ ಹೆಸರು ಬಂದಿತು. ಕನ್ನಡದ 'ರೈತ' ಶಬ್ದದ ಮೂಲವು ಇದೇ. ಹೊಸ ಕಾಲದಲ್ಲಿ ಅರಬ್ಬರು ಪ್ರಜೆಯನ್ನು 'ಮುವಾತಿನ್' ಎನ್ನುವರು. ಅದು ಸ್ವದೇಶವೆಂಬರ್ಥದ 'ವತನ್' ಶಬ್ದದಿಂದ ಬಂದದ್ದು. ದಕ್ಷಿಣದ ವತನದಾರರ ವತನವೂ ಅದೇ. ಮಂದೆಯ ಕುರಿಯಾಗಿದ್ದವನು ನಾಡಿನ ಪಾಲುಗಾರನಾಗಬೇಕೆಂಬ ಬಯಕೆಯೇ ಕಳೆದ ಇನ್ನೂರು ವರ್ಷಗಳ ಅರಬ ರಾಜಕೀಯದ ಸಾರವೆಂದರೆ ಹೆಚ್ಚು ಹೇಳಿದಂತಾಗದು.

ಪರಿವರ್ತನೆಗೆ ಅರಬ್ಬಿಯಲ್ಲಿ ಮೂರು ಶಬ್ದಗಳಿವೆ. 'ಥೌರಾ' ಎಂಬುದು ಧೂಳು ಏಳುವಂತೆ ಕೆರಳಿ ಏಳುವುದು. ಜನರ ಕ್ರಾಂತಿಗೆ ಇದು ಹೆಸರು. 'ಇನ್‌ಕಿಲಾಬ್' ಎಂಬುದು ಮಗುಚುವುದು. ಭಾರತದಲ್ಲಿ ಇದು ಕ್ರಾಂತಿಯೆಂಬ ಅರ್ಥದಲ್ಲಿ ಪ್ರಸಿದ್ಧವಾದರೂ ಇಂದಿನ ಅರಬ್ಬಿಯಲ್ಲಿ ಸೈನಿಕರು ಅಧಿಕಾರವನ್ನು ಕಿತ್ತುಕೊಳ್ಳುವುದಕ್ಕೆ ಮಾತ್ರ ಸಲ್ಲುತ್ತದೆ. 'ಫಿತ್ನಾ' ಎಂಬುದು ಮೊದಲು ಚಿನ್ನವನ್ನು ಬೆಂಕಿಯಲ್ಲಿಟ್ಟು ಪರೀಕ್ಷಿಸುವ ಕ್ರಿಯೆ. ಅಲ್ಲಿಂದ ಸಂಕಟ, ಕಡೆಗೆ ಅಂತಃಕಲಹ ಎಂಬ ಅರ್ಥಗಳು ಹುಟ್ಟಿದುವು. ೬೫೬ರಲ್ಲಿ ಖಲೀಫ ಉಸ್ಮಾನನ ಹತ್ಯೆಯಾದ ಮೇಲೆ ನಡೆದ ಅಂತರ್ಯುದ್ಧಕ್ಕೆ ಈ ಹೆಸರೇ ನಿಂತಿದೆ. ಕ್ರಾಂತಿಯೆಂದು ಎದ್ದದ್ದು ಅಂತಃಕಲಹವಾಗಿ ಪರಿಣಮಿಸೀತೆಂಬ ಭಯವು ಆ ಜನರ ಮನಸ್ಸಿನಲ್ಲಿ ಬಹು ಹಳೆಯದು; ಆಳುವವರು ಆ ಭಯವನ್ನು ಚೆನ್ನಾಗಿ ಉಪಯೋಗಿಸಿಕೊಂಡರು.

ಇನ್ನೊಂದು ಶಬ್ದವು ಪ್ರಕೃತಕ್ಕೆ ಅತ್ಯಂತ ಮುಖ್ಯವಾದುದು. ೨೦೧೧ರಲ್ಲಿ ಎಲ್ಲ ನಗರಗಳಲ್ಲಿಯೂ ಕೇಳಿಬಂದ ಘೋಷಣೆಯು ಜನತೆಯು 'ನಿಜಾಮ'ದ ಪತನವನ್ನು ಬಯಸುತ್ತದೆಯೆಂಬುದು. ಹೈದರಾಬಾದಿನ ಅರಸರ ಬಿರುದಾಗಿ ಈ ಪದವು ಕನ್ನಡಿಗರಿಗೆ ಪರಿಚಿತವೇ. ಅದರ ಮೂಲಾರ್ಥವು ಮುತ್ತುಗಳನ್ನು ಪೋಣಿಸುವ ದಾರ ಎಂದು. ದಾರದಿಂದ ಕ್ರಮ, ಕ್ರಮದಿಂದ ವ್ಯವಸ್ಥೆ, ವ್ಯವಸ್ಥೆಯಿಂದ ಆಳುವ ಕೂಟ ಎಂದು ಅರ್ಥವು ವಿಸ್ತರಿಸಿತು. ಜನರು ಬೀಳಿಸಬೇಕೆಂದದ್ದು ಆಳುವ ಕೂಟವನ್ನು, ದೇಶದ ವ್ಯವಸ್ಥೆಯನ್ನಲ್ಲ. ಎರಡಕ್ಕೂ ಒಂದೇ ಹೆಸರಿರುವುದು ಭಾಷೆಯ ಆಕಸ್ಮಿಕವಿರಬಹುದು; ಆದರೆ ಎರಡೂ ಒಂದೇ ವಸ್ತುವಾಗಿಬಿಟ್ಟಿದ್ದ ದೇಶಗಳಲ್ಲಿಯೇ ಅನರ್ಥವು ಅಧಿಕವಾಯಿತೆಂಬುದು ಮುಂದೆ ವ್ಯಕ್ತವಾಗುವುದು.

೩. ಪೂರ್ವವೃತ್ತಾಂತ

ಹದಿನಾರನೆಯ ಶತಮಾನದಿಂದ ಅರಬ ದೇಶಗಳಲ್ಲಿ ಹೆಚ್ಚಿನವು ತುರ್ಕರ ಆಟ್ಟೊಮನ್ ಸಾಮ್ರಾಜ್ಯಕ್ಕೆ ಒಳಪಟ್ಟಿದ್ದುವು. ಮೊದಲನೆಯ ಮಹಾಯುದ್ಧದಲ್ಲಿ ಆ ಸಾಮ್ರಾಜ್ಯವು ಕುಸಿಯಿತು. ೧೯೧೬ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಗುಟ್ಟಾಗಿ ಮಾಡಿಕೊಂಡ ಒಪ್ಪಂದಕ್ಕೆ ಅನುಸಾರಿಯಾಗಿ, ೧೯೨೦ರ ಸಾನ್ ರೆಮೋ ಸಭೆಯಲ್ಲಿ ಸಿರಿಯಾ, ಇರಾಕ್, ಪ್ಯಾಲೆಸ್ಟೈನ್ ಮೊದಲಾದ ಭಾಗಗಳು ಆ ಎರಡು ರಾಷ್ಟ್ರಗಳ ಪಾಲಿಗೆ ಹಂಚಿಹೋದುವು. ಈಜಿಪ್ಟ್, ಟ್ಯುನೀಸಿಯಾ, ಮೊರಾಕೊಗಳಿಗೆ ಹಿಂದಿನಿಂದ ಬಂದ ಆಡಳಿತದ ಮೈಕಟ್ಟು ಇದ್ದಿತು. ಇರಾಕ್, ಸಿರಿಯಾ, ಲಿಬಿಯಾಗಳ ಎಲ್ಲೆಗಳನ್ನು ಬಹುಮಟ್ಟಿಗೆ ಪರರು ಗೀಚಿದರು. ಈ ಭೇದವನ್ನು ನೆನಪಿನಲ್ಲಿಡತಕ್ಕದ್ದು.

ಸ್ವಾತಂತ್ರ್ಯವು ಬಂದ ಮೇಲೆ ಭೂಮಾಲೀಕರ ಮತ್ತು ಅರಮನೆಗಳ ಆಳಿಕೆಯು ಬಹುಕಾಲ ನಿಲ್ಲಲಿಲ್ಲ. ೧೯೩೬ರ ಸುಮಾರಿಗೆ ಈಜಿಪ್ಟಿನ ಸೈನಿಕ ವಿದ್ಯಾಲಯವು ಸಾಮಾನ್ಯ ಕುಟುಂಬಗಳ ಹುಡುಗರಿಗೂ ತೆರೆಯಿತು; ಅಂಚೆಯ ನೌಕರನ ಮಗನಾದ ಗಮಾಲ್ ಅಬ್ದುಲ್ ನಾಸರ್ ಮರುವರ್ಷ ಅಲ್ಲಿ ಸೇರಿದನು. ೧೯೪೮ರ ಪ್ಯಾಲೆಸ್ಟೈನ್ ಯುದ್ಧದ ಪರಾಭವವು ಇಂಥ ಯುವಾಧಿಕಾರಿಗಳ ಮನಸ್ಸನ್ನು ಕಲಕಿತು. ೧೯೪೯ರಲ್ಲಿ ಸಿರಿಯಾ, ೧೯೫೨ರಲ್ಲಿ ಈಜಿಪ್ಟ್, ೧೯೫೮ರಲ್ಲಿ ಇರಾಕ್, ೧೯೬೨ರಲ್ಲಿ ಯೆಮನ್, ೧೯೬೯ರಲ್ಲಿ ಲಿಬಿಯಾ, ಹೀಗೆ ಸೈನಿಕರು ಅಧಿಕಾರವನ್ನು ಹಿಡಿದರು.

ಈ ಹೊಸ ಪ್ರಭುಗಳು ಪ್ರಜೆಗಳೊಡನೆ ಬರೆಯದ ಒಡಂಬಡಿಕೆಯೊಂದನ್ನು ಮಾಡಿಕೊಂಡರು. ಪ್ರಭುತ್ವವು ವಿದ್ಯೆಯನ್ನೂ ಚಾಕರಿಯನ್ನೂ ಅಗ್ಗದ ರೊಟ್ಟಿಯನ್ನೂ ಕೊಡುವುದು. ಪ್ರಜೆಯು ಆಳುವವರನ್ನು ಪ್ರಶ್ನಿಸದಿರುವುದು. ಈಜಿಪ್ಟಿನಲ್ಲಿ ೧೯೫೨ರ ಶಾಸನವು ಒಬ್ಬನ ಭೂಮಿಯನ್ನು ೨೦೦ ಫೆದ್ದಾನುಗಳಿಗೆ ಮಿತಗೊಳಿಸಿತು. ೧೯೬೦ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಪ್ರತಿಯೊಬ್ಬ ಪದವೀಧರನಿಗೂ ಸರ್ಕಾರಿ ಉದ್ಯೋಗದ ಭರವಸೆಯು ದೊರೆಯಿತು. ಒಡಂಬಡಿಕೆಯ ಮೊದಲ ಭಾಗವು ನಡೆಯುವವರೆಗೆ ಎರಡನೆಯದೂ ನಡೆಯಿತು. ಜನಸಂಖ್ಯೆಯು ಏರಿ ಬೊಕ್ಕಸವು ಇಳಿದಾಗ ಮೊದಲನೆಯದು ಸಡಿಲವಾಯಿತು. ೧೯೭೭ರ ಜನವರಿಯಲ್ಲಿ ಈಜಿಪ್ಟಿನಲ್ಲಿಯೂ, ೧೯೮೪ರ ಜನವರಿಯಲ್ಲಿ ಟ್ಯುನೀಸಿಯಾದಲ್ಲಿಯೂ ಆಹಾರದ ಬೆಲೆಯನ್ನು ಏರಿಸಿದೊಡನೆ ದಂಗೆಗಳಾದುವು. ಎರಡು ಸರ್ಕಾರಗಳೂ ಹೆಚ್ಚಳವನ್ನು ಹಿಂತೆಗೆದುಕೊಂಡುವು. ಕೊಡುವ ಶಕ್ತಿಯು ಕುಂದಿತು. ಆದರೆ ಪ್ರಶ್ನಿಸುವ ಹಕ್ಕು ಮಾತ್ರ ಪ್ರಜೆಗೆ ಮರಳಲಿಲ್ಲ.

೪. ಪೂರ್ವಪಕ್ಷಗಳು

ವಿಪ್ಲವದ ಕಾರಣವನ್ನು ಹೇಳುವಲ್ಲಿ ಮೂರು ಪಕ್ಷಗಳು ಪ್ರಚಾರದಲ್ಲಿವೆ. ಬಡತನವೇ ಕಾರಣವೆಂಬುದು ಮೊದಲನೆಯದು. ಇದು ಅನ್ವಯವ್ಯತಿರೇಕಗಳಿಗೆ ನಿಲ್ಲದು. ಯೆಮನ್ ಬಡದೇಶವು ನಿಜ. ಆದರೆ ತೈಲಸಂಪನ್ನವಾದ ಲಿಬಿಯಾದಲ್ಲಿಯೂ, ಅಂತರರಾಷ್ಟ್ರೀಯ ಹಣಕಾಸಿನ ಸಂಸ್ಥೆಗಳ ಹೊಗಳಿಕೆಗೆ ಪಾತ್ರವಾಗಿದ್ದ ಟ್ಯುನೀಸಿಯಾದಲ್ಲಿಯೂ ವಿಪ್ಲವವಾಯಿತು. ಅವಕ್ಕಿಂತ ಬಡವಾದ ಮಾರಿಟೇನಿಯಾದಲ್ಲಿ ಪ್ರಭುತ್ವವು ಉರುಳಲಿಲ್ಲ.

ಪರದೇಶಗಳ ಕುತಂತ್ರವೇ ಕಾರಣವೆಂಬುದು ಎರಡನೆಯದು; ಪದಚ್ಯುತರಾದ ಎಲ್ಲ ಪ್ರಭುಗಳೂ ಇದನ್ನೇ ಹೇಳಿದರು. ಆದರೆ ಬೆನ್ ಅಲಿಯೂ ಮುಬಾರಕನೂ ಪಾಶ್ಚಾತ್ಯ ರಾಷ್ಟ್ರಗಳಿಗೆ ಪ್ರಿಯಮಿತ್ರರೇ ಆಗಿದ್ದರು. ಪರರು ಪ್ರವೇಶಿಸಿದ್ದು ಬೆಂಕಿ ಹತ್ತಿದ ಮೇಲೆ. ಅವರು ಅದನ್ನು ಬೆಳೆಯಿಸಿದರೆಂಬುದು ಸತ್ಯ, ಹುಟ್ಟಿಸಿದರೆಂಬುದು ಅಸಿದ್ಧ.

ಇಸ್ಲಾಂ ಧರ್ಮವು ಪ್ರಜಾಪ್ರಭುತ್ವಕ್ಕೆ ಹೊಂದದೆಂಬುದರಿಂದ ಅಲ್ಲಿ ನಿರಂಕುಶತೆ ಮತ್ತು ದಂಗೆಗಳಲ್ಲದೆ ಬೇರೆ ಗತಿಯಿಲ್ಲವೆಂಬುದು ಮೂರನೆಯದು. ಜಗತ್ತಿನಲ್ಲಿ ಅತ್ಯಧಿಕ ಮುಸಲ್ಮಾನರಿರುವ ಇಂಡೊನೇಷಿಯಾದಲ್ಲಿ ೧೯೯೮ರಲ್ಲಿ ಸುಹಾರ್ತೋ ಪದತ್ಯಾಗ ಮಾಡಿದ ಮೇಲೆ ಚುನಾವಣೆಗಳು ಕ್ರಮವಾಗಿ ನಡೆದುಬಂದಿರುವುದನ್ನು ಕಂಡರೆ ಈ ಪಕ್ಷವೂ ಬಿದ್ದುಹೋಗುತ್ತದೆ.

೫. ಕಾರಣನಿರೂಪಣೆ

ಮಡಕೆಗೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ, ಚಕ್ರ ಮತ್ತು ದಂಡ ಮೊದಲಾದುವು ಸಹಕಾರಿಗಳು ಎಂಬ ಶಾಸ್ತ್ರವಿಭಾಗವು ಇಲ್ಲಿ ಉಪಯುಕ್ತವಾಗುವುದು.

ಉಪಾದಾನವೆಂದು ಹೇಳತಕ್ಕದ್ದು ವಿದ್ಯೆ ಮತ್ತು ಅವಕಾಶಗಳ ನಡುವಣ ವೈಷಮ್ಯ. ಎರಡು ತಲೆಮಾರುಗಳಲ್ಲಿ ಅಕ್ಷರಜ್ಞಾನವು ಹಬ್ಬಿತು. ಜನಸಂಖ್ಯೆಯಲ್ಲಿ ಬಹುಭಾಗ ಮೂವತ್ತು ವರ್ಷಕ್ಕಿಂತ ಕಿರಿಯರು. ಆದರೆ ಪದವಿಯಿದ್ದವನಿಗೇ ಉದ್ಯೋಗವು ದುರ್ಲಭವಾಯಿತು. ಅದೇ ಕಾಲದಲ್ಲಿ ಆಳುವವರ ಬಂಧುಗಳು ಸಾರ್ವಜನಿಕ ಸಂಪತ್ತನ್ನು ಕಬಳಿಸುತ್ತಿದ್ದರು. ಟ್ಯುನೀಸಿಯಾದಲ್ಲಿ ಅಧ್ಯಕ್ಷನ ಹೆಂಡತಿಯ ತವರಾದ ತ್ರಾಬೆಲ್ಸಿ ಕುಟುಂಬವು ಇದಕ್ಕೆ ಕುಖ್ಯಾತವಾಯಿತು. ದೇಶವು ಪ್ರಜಾರಾಜ್ಯವೆಂದು ಹೆಸರಾದರೂ ಪಟ್ಟವು ವಂಶಪಾರಂಪರ್ಯವಾಗತೊಡಗಿತು. ೨೦೦೦ನೆಯ ಇಸವಿಯಲ್ಲಿ ಸಿರಿಯಾದ ಹಾಫೆಜ್ ಅಸದನು ಸತ್ತೊಡನೆ, ಅಧ್ಯಕ್ಷನಿಗೆ ೪೦ ವರ್ಷ ತುಂಬಿರಬೇಕೆಂದಿದ್ದ ರಾಜ್ಯಾಂಗದ ನಿಯಮವನ್ನು ೩೪ ಎಂದು ತಿದ್ದಿದರು. ಮಗನಾದ ಬಶಾರನಿಗೆ ಆಗ ೩೪ ವರ್ಷ. ಈಜಿಪ್ಟ್, ಲಿಬಿಯಾ, ಯೆಮನ್‌ಗಳಲ್ಲಿಯೂ ಅಧ್ಯಕ್ಷರ ಮಕ್ಕಳು ಸಿದ್ಧರಾಗಿ ನಿಂತಿದ್ದರು. ಪ್ರಜಾರಾಜ್ಯವೆಂಬರ್ಥದ 'ಜುಮ್ಹೂರಿಯ್ಯಾ', ರಾಜಪ್ರಭುತ್ವವೆಂಬರ್ಥದ 'ಮಲಕಿಯ್ಯಾ' ಎರಡನ್ನೂ ಬೆಸೆದು 'ಜುಮ್ಲೂಕಿಯ್ಯಾ' ಎಂಬ ಪರಿಹಾಸಪದವನ್ನು ಈಜಿಪ್ಟಿನ ವಿದ್ವಾಂಸನಾದ ಸಾದುದ್ದೀನ್ ಇಬ್ರಾಹೀಂ ಸೃಷ್ಟಿಸಿದನು. ಸಿರಿಯಾದಲ್ಲಿ ೧೯೬೩ರಿಂದಲೂ ಈಜಿಪ್ಟಿನಲ್ಲಿ ೧೯೮೧ರಿಂದಲೂ ತುರ್ತುಪರಿಸ್ಥಿತಿಯ ಶಾಸನವು ಎಡೆಬಿಡದೆ ಜಾರಿಯಲ್ಲಿದ್ದಿತು. ೨೦೧೦ರ ಜೂನ್ ತಿಂಗಳಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಪೊಲೀಸರು ಖಾಲಿದ್ ಸಯೀದ್ ಎಂಬ ಯುವಕನನ್ನು ಬಡಿದು ಕೊಂದರು. ಹಸಿವಿಗಿಂತ ಅವಮಾನವು ಹೆಚ್ಚು ಸುಡುತ್ತಿದ್ದಿತು. ಆದುದರಿಂದಲೇ ೨೦೧೧ರ ಘೋಷಣೆಗಳಲ್ಲಿ ರೊಟ್ಟಿಯ ಜತೆಗೆ 'ಕರಾಮಾ', ಎಂದರೆ ಮಾನ, ಎಂಬ ಶಬ್ದವು ಎಲ್ಲೆಡೆಯೂ ಕೇಳಿಬಂದಿತು.

ನಿಮಿತ್ತವು ಅತ್ಯಲ್ಪವಾದುದು. ೨೦೧೦ರ ಡಿಸೆಂಬರ್ ೧೭ರಂದು ಸಿದಿ ಬೂಜಿದಿನಲ್ಲಿ ಹಣ್ಣು ಮಾರುತ್ತಿದ್ದ ಮೊಹಮ್ಮದ್ ಬೂಅಜೀಜೀ ಎಂಬವನ ಸರಕನ್ನು ಅಧಿಕಾರಿಗಳು ಕಿತ್ತುಕೊಂಡರು. ಅವನ ದೂರನ್ನು ಕೇಳುವವರಿಲ್ಲದೆ ಹೋಯಿತು. ಅವನು ಕಛೇರಿಯ ಮುಂದೆ ತನಗೆ ತಾನೇ ಬೆಂಕಿ ಹಚ್ಚಿಕೊಂಡು ೨೦೧೧ರ ಜನವರಿ ೪ರಂದು ಮೃತನಾದನು. ಹತ್ತು ದಿನಗಳಲ್ಲಿ ಬೆನ್ ಅಲಿಯು ಸೌದಿ ಅರೇಬಿಯಾಕ್ಕೆ ಓಡಿಹೋದನು. ಕಿಡಿಯು ಎಲ್ಲ ಊರುಗಳಲ್ಲಿಯೂ ದಿನವೂ ಹಾರುತ್ತದೆ. ಹುಲ್ಲು ಒಣಗಿದ್ದರೆ ಮಾತ್ರ ಕಾಡು ಹೊತ್ತುತ್ತದೆ.

ಸಹಕಾರಿಗಳು ಎರಡು. ೨೦೧೦ರ ಆಗಸ್ಟಿನಲ್ಲಿ ಕ್ಷಾಮದ ದೆಸೆಯಿಂದ ರಷ್ಯಾ ದೇಶವು ಗೋಧಿಯ ರಫ್ತನ್ನು ನಿಷೇಧಿಸಿತು. ಪರದೇಶದ ಗೋಧಿಯನ್ನೇ ನಂಬಿದ್ದ ಈಜಿಪ್ಟ್ ಮೊದಲಾದ ದೇಶಗಳು ಬೆಲೆಯೇರಿಕೆಗೆ ಸಿಕ್ಕಿದುವು. ೧೯೯೬ರಲ್ಲಿ ಕತಾರಿನಲ್ಲಿ ಆರಂಭವಾದ ಅಲ್ ಜಜೀರಾ ದೂರದರ್ಶನವೂ, ಕೈಯ ಫೋನುಗಳೂ, ಫೇಸ್‌ಬುಕ್ಕೂ ಒಂದೂರಿನ ಸುದ್ದಿಯನ್ನು ಒಂದು ಗಳಿಗೆಯಲ್ಲಿ ಎಲ್ಲ ಊರುಗಳಿಗೂ ಮುಟ್ಟಿಸಿದುವು. ಭಾಷೆಯು ಒಂದೇ ಆದುದರಿಂದ ಅನುವಾದದ ಅಡ್ಡಿಯೂ ಇರಲಿಲ್ಲ.

೬. ಫಲಭೇದಕ್ಕೆ ಹೇತು

ಉಪಾದಾನವು ಹೆಚ್ಚುಕಡಿಮೆ ಸಮಾನವಾಗಿದ್ದರೂ ಫಲವೇಕೆ ಭಿನ್ನವಾಯಿತು? ಕೌಟಿಲ್ಯನು ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳು ಅಂಗಗಳನ್ನು ಹೇಳಿದನು. ಸ್ವಾಮಿಯು ಬಿದ್ದಾಗ ಮಿಕ್ಕ ಅಂಗಗಳು, ಅವುಗಳಲ್ಲಿಯೂ ದಂಡವೆಂಬ ಸೈನ್ಯವು, ಅವನಿಂದ ಬೇರೆಯಾಗಿ ನಿಲ್ಲಬಲ್ಲುವೇ ಎಂಬುದೇ ಇಲ್ಲಿ ನಿರ್ಣಾಯಕವು. ಸೈನ್ಯವನ್ನು ಸ್ವಾಮಿಗೆ ಕಟ್ಟುವುದೇನೆಂಬುದಕ್ಕೆ ಟ್ಯೂನಿಸ್ ನಗರದಲ್ಲಿ ೧೩೩೨ರಲ್ಲಿ ಹುಟ್ಟಿದ ಇಬ್ನ್ ಖಲ್ದೂನನು ಉತ್ತರವನ್ನು ಕೊಟ್ಟಿದ್ದಾನೆ. ೧೩೭೭ರಲ್ಲಿ ರಚಿತವಾದ ಅವನ 'ಮುಕದ್ದಿಮಾ' ಗ್ರಂಥದಲ್ಲಿ 'ಅಸಬಿಯ್ಯಾ', ಎಂದರೆ ಕುಲಬಂಧದಿಂದ ಹುಟ್ಟುವ ಒಗ್ಗಟ್ಟು, ರಾಜ್ಯವನ್ನು ಹುಟ್ಟಿಸುವ ಶಕ್ತಿಯೆಂದು ಹೇಳಲ್ಪಟ್ಟಿದೆ. ಸುಖಭೋಗದಿಂದ ಅದು ಸಡಿಲಗೊಂಡು, ಕೆಲವು ತಲೆಮಾರುಗಳಲ್ಲಿ ವಂಶವು ನಶಿಸುವುದೆಂದು ಅವನ ಮತ.

ಟ್ಯುನೀಸಿಯಾದಲ್ಲಿ ಮೊದಲನೆಯ ಅಧ್ಯಕ್ಷನಾದ ಬೂರ್ಗಿಬಾ ಸೈನ್ಯವನ್ನು ಚಿಕ್ಕದಾಗಿಟ್ಟಿದ್ದನು. ಅದಕ್ಕೆ ಬೆನ್ ಅಲಿಯ ಕುಟುಂಬದೊಡನೆ ಕುಲಬಂಧವಾಗಲಿ, ಅವನ ಸಂಪತ್ತಿನಲ್ಲಿ ಪಾಲಾಗಲಿ ಇರಲಿಲ್ಲ. ಅದು ಅವನನ್ನು ಕಾಪಾಡಲಿಲ್ಲ. ೧೯೪೬ರಲ್ಲಿ ಸ್ಥಾಪಿತವಾದ ಕಾರ್ಮಿಕರ ಮಹಾಸಂಘವು ಊರೂರಿನಲ್ಲಿ ಶಾಖೆಗಳನ್ನು ಹೊಂದಿದ್ದು, ಸ್ವಾಮಿಯಿಲ್ಲದ ಹೊತ್ತಿನಲ್ಲಿ ದಾರವು ಕಡಿಯದಂತೆ ನೋಡಿಕೊಂಡಿತು. ೨೦೧೩ರಲ್ಲಿ ಇಬ್ಬರು ನಾಯಕರ ಹತ್ಯೆಯಾಗಿ ದೇಶವು ಕಲಹದ ಅಂಚಿಗೆ ಬಂದಾಗ ಆ ಸಂಘವೂ ವಕೀಲರ, ವಣಿಜರ, ಮಾನವ ಹಕ್ಕುಗಳ ಸಂಘಗಳೂ ಸೇರಿ ಸಂಧಾನ ನಡೆಸಿದುವು. ಚುನಾವಣೆಯಲ್ಲಿ ೨೧೭ ಸ್ಥಾನಗಳಲ್ಲಿ ೮೯ನ್ನು ಗೆದ್ದಿದ್ದ ಅನ್ನಹ್ದಾ ಪಕ್ಷವು ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟಿತು. ೨೦೧೪ರ ಜನವರಿಯಲ್ಲಿ ರಾಜ್ಯಾಂಗವು ಅಂಗೀಕೃತವಾಯಿತು. ಆ ನಾಲ್ಕು ಸಂಘಗಳಿಗೆ ೨೦೧೫ರ ನೊಬೆಲ್ ಶಾಂತಿ ಪಾರಿತೋಷಕವು ಸಂದಿತು.

ಈಜಿಪ್ಟಿನಲ್ಲಿ ಸೈನ್ಯವು ಸ್ವಾಮಿಗಿಂತ ದೊಡ್ಡದು. ಕಾರ್ಖಾನೆ, ಭೂಮಿ, ರಸ್ತೆಗಳವರೆಗೆ ಅದರ ಉದ್ಯಮಗಳು ಹಬ್ಬಿದ್ದುವು. ೨೦೧೧ರ ಫೆಬ್ರವರಿ ೧೧ರಂದು ಅದು ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ಮುಬಾರಕನನ್ನು ಬಿಟ್ಟುಕೊಟ್ಟಿತು. ೨೦೧೨ರಲ್ಲಿ ಅಧ್ಯಕ್ಷನಾಗಿ ಚುನಾಯಿತನಾದ ಮೊಹಮ್ಮದ್ ಮೊರ್ಸಿಯು ಆ ನವೆಂಬರಿನಲ್ಲಿ ತನ್ನ ಆಜ್ಞೆಗಳನ್ನು ನ್ಯಾಯಾಲಯಗಳು ವಿಚಾರಿಸಕೂಡದೆಂದು ಘೋಷಿಸಿ ಮಿತ್ರರನ್ನೂ ಶತ್ರುಗಳನ್ನಾಗಿ ಮಾಡಿಕೊಂಡನು. ೨೦೧೩ರ ಜುಲೈ ೩ರಂದು ಸೈನ್ಯವು ಅವನನ್ನು ಇಳಿಸಿತು. ಆಗಸ್ಟ್ ೧೪ರಂದು ಕೈರೋ ನಗರದ ರಬಾ ಚೌಕದಲ್ಲಿ ಅವನ ಪಕ್ಷದವರು ನೂರಾರು ಮಂದಿ ಹತರಾದರು. ಸೇನಾಪತಿಯಾಗಿದ್ದ ಅಬ್ದುಲ್ ಫತ್ತಾ ಸೀಸಿ ೨೦೧೪ರಲ್ಲಿ ಅಧ್ಯಕ್ಷನಾದನು. ಇಲ್ಲಿ ದಾರವು ಉಳಿಯಿತು. ಆದರೆ ಅದರ ಎರಡು ತುದಿಗಳೂ ಸೈನ್ಯದ ಕೈಯಲ್ಲಿಯೇ ಉಳಿದುವು.

ಲಿಬಿಯಾದಲ್ಲಿ ಗದ್ದಾಫಿಯು ಅಮಾತ್ಯವರ್ಗವನ್ನೂ ಸೈನ್ಯವನ್ನೂ ಬೆಳೆಯಗೊಡಲಿಲ್ಲ. ೧೯೭೭ರಲ್ಲಿ ದೇಶಕ್ಕೆ 'ಜಮಾಹೀರಿಯ್ಯಾ', ಎಂದರೆ ಜನಸಮೂಹಗಳ ರಾಜ್ಯ, ಎಂಬ ಹೊಸ ಹೆಸರನ್ನಿಟ್ಟು, ರಾಜ್ಯಾಂಗವನ್ನಾಗಲಿ ಪಕ್ಷಗಳನ್ನಾಗಲಿ ಇರಗೊಡದೆ ತಾನೇ ದಾರವಾದನು. ೨೦೧೧ರ ಮಾರ್ಚ್ ೧೭ರ ಭದ್ರತಾಮಂಡಲಿಯ ನಿರ್ಣಯದ ಬಲದಿಂದ ಪರರಾಷ್ಟ್ರಗಳ ವಿಮಾನಗಳು ದಾಳಿ ಮಾಡಿದುವು. ಅಕ್ಟೋಬರ್ ೨೦ರಂದು ಅವನು ಹತನಾದನು. ದಾರವು ಕಡಿದೊಡನೆ ಮುತ್ತುಗಳು ಚೆದರಿದುವು. ೨೦೧೪ರಿಂದ ಆ ದೇಶದಲ್ಲಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಅಧಿಕಾರಕೇಂದ್ರವು ನಿಂತಿತು. ೨೦೦೩ರಲ್ಲಿ ಅಮೆರಿಕದ ಸೈನ್ಯವು ಇರಾಕನ್ನು ಆಕ್ರಮಿಸಿ, ಆ ಮೇ ತಿಂಗಳಲ್ಲಿ ಇರಾಕೀ ಸೈನ್ಯವನ್ನೇ ವಿಸರ್ಜಿಸಿದಾಗ ಆದದ್ದೂ ಇದೇ.

ಯೆಮನಿನಲ್ಲಿ ಸೈನ್ಯವು ಕುಲಗಳಂತೆ ಒಡೆಯಿತು. ಸಾಲೆಹನು ೨೦೧೧ರ ನವೆಂಬರಿನಲ್ಲಿ ದಂಡನೆಯಿಲ್ಲದ ಭರವಸೆಯನ್ನು ಪಡೆದು ಪದವಿಯನ್ನು ಬಿಡಲೊಪ್ಪಿದನು. ಆದರೆ ಅವನ ಬಲವು ಅವನಲ್ಲಿಯೇ ಉಳಿಯಿತು. ೨೦೧೪ರಲ್ಲಿ ಹಿಂದಿನ ವೈರಿಗಳಾದ ಹೂಥಿಗಳೊಡನೆ ಅವನು ಕೈಗೂಡಿಸಿದನು. ಅವರು ರಾಜಧಾನಿಯಾದ ಸನಾವನ್ನು ಹಿಡಿದರು. ೨೦೧೫ರ ಮಾರ್ಚಿನಲ್ಲಿ ಸೌದಿ ಅರೇಬಿಯಾ ಯುದ್ಧವನ್ನಾರಂಭಿಸಿತು. ೨೦೧೭ರ ಡಿಸೆಂಬರಿನಲ್ಲಿ ಸಾಲೆಹನು ಆ ಹೂಥಿಗಳಿಂದಲೇ ಹತನಾದನು.

ಸಿರಿಯಾದಲ್ಲಿ ಅಸಬಿಯ್ಯಾದ ನಿದರ್ಶನವು ಪೂರ್ಣವಾಗಿದೆ. ಸೈನ್ಯದ ಉನ್ನತಾಧಿಕಾರಿಗಳಲ್ಲಿ ಬಹುಮಂದಿ ಅಸದನ ಅಲ್ಪಸಂಖ್ಯಾತ ಅಲವೀ ಪಂಗಡದವರು. ಸ್ವಾಮಿಯು ಬಿದ್ದರೆ ತಾವೂ ತಮ್ಮ ಮಕ್ಕಳೂ ಬೀಳುವೆವೆಂಬ ಭಯವು ಅವರನ್ನು ಕಟ್ಟಿತು. ೨೦೧೧ರ ಆರಂಭದಲ್ಲಿ ದರಾ ನಗರದ ಶಾಲೆಯ ಬಾಲಕರು ಗೋಡೆಯ ಮೇಲೆ ನಿಜಾಮದ ಪತನದ ಘೋಷಣೆಯನ್ನು ಬರೆದುದಕ್ಕಾಗಿ ಬಂಧಿತರಾಗಿ ಹಿಂಸೆಗೊಳಗಾದರು, ಜನರು ಕೆರಳಿದರು, ಸೈನ್ಯವು ಗುಂಡು ಹಾರಿಸಿತು. ಇರಾನೂ, ೨೦೧೫ರ ಸೆಪ್ಟೆಂಬರಿನಿಂದ ರಷ್ಯಾವೂ ಮಿತ್ರಾಂಗವಾಗಿ ನಿಂತುದರಿಂದ ಪ್ರಭುತ್ವವು ಉಳಿಯಿತು. ಆದರೆ ಸೈನಿಕನಿಗೆ ಊಟಕ್ಕೆ ಸಾಲದ ಸಂಬಳ, ದೇಶಕ್ಕೆ ಬೆಳಕಿಲ್ಲದ ರಾತ್ರಿ ಎಂಬ ಸ್ಥಿತಿ ಬಂದಾಗ ಆ ಕಟ್ಟೂ ಸಡಿಲಿತು. ೨೦೨೪ರ ನವೆಂಬರ್ ೨೭ರಂದು ವಾಯವ್ಯದಿಂದ ಹೊರಟ ದಂಡಿನ ಮುಂದೆ ಸೈನ್ಯವು ಕಾದಾಡದೆ ಕರಗಿತು. ಡಿಸೆಂಬರ್ ೮ರಂದು ಬಶಾರನು ಮಾಸ್ಕೋ ನಗರಕ್ಕೆ ಪಲಾಯನ ಮಾಡಿದನು. ೧೩ ವರ್ಷ ಕಾದಿದ ಪ್ರಭುತ್ವವು ಹನ್ನೆರಡು ದಿನಗಳಲ್ಲಿ ಮುಗಿಯಿತು.

ರಾಜರ ದೇಶಗಳು ಏಕೆ ಉಳಿದುವು? ತೈಲದ ಹಣವೊಂದೇ ಉತ್ತರವಾಗದು. ಮೊರಾಕೊ ಮತ್ತು ಜೋರ್ಡನ್ ದೇಶಗಳಿಗೆ ಅದಿಲ್ಲ. ಅಲ್ಲಿ ರಾಜನು ಪಕ್ಷಗಳ ಮೇಲೆ ಕುಳಿತು, ದೋಷವನ್ನು ಮಂತ್ರಿಗಳ ತಲೆಗೆ ಕಟ್ಟಿ, ಅವರನ್ನು ಕಳುಹಿಸಿ ತಾನುಳಿಯಬಲ್ಲನು. ಮೊರಾಕೊದ ರಾಜನು ೨೦೧೧ರ ಜುಲೈ ತಿಂಗಳಲ್ಲಿ ಹೊಸ ರಾಜ್ಯಾಂಗಕ್ಕೆ ಜನಮತವನ್ನು ಪಡೆದನು. ಬಹರೈನಿನಲ್ಲಿ ಮಾತ್ರ ಇದು ನಡೆಯಲಿಲ್ಲ. ರಾಜವಂಶವು ಸುನ್ನಿ, ಪ್ರಜೆಗಳಲ್ಲಿ ಹೆಚ್ಚಿನವರು ಶಿಯಾ. ಅಲ್ಲಿಗೆ ೨೦೧೧ರ ಮಾರ್ಚ್ ೧೪ರಂದು ಸೌದಿ ಸೈನ್ಯವು ಬಂದಿತು. ಜನರು ಸೇರುತ್ತಿದ್ದ ಚೌಕದ ಮುತ್ತಿನ ಸ್ಮಾರಕವನ್ನೇ ಸರ್ಕಾರವು ನಾಲ್ಕು ದಿನಗಳಲ್ಲಿ ಕೆಡಹಿತು.

೭. ಫಲವಿಚಾರ

ವಿಪ್ಲವದ ಬೆಲೆಯನ್ನು ಅಂಕಿಗಳು ಸ್ವಲ್ಪಮಟ್ಟಿಗೆ ತಿಳಿಸುತ್ತವೆ. ಸಿರಿಯಾದಲ್ಲಿ ೨೦೧೧ರ ಮಾರ್ಚಿನಿಂದ ಹತ್ತು ವರ್ಷಗಳಲ್ಲಿ ಹತರಾದ ನಾಗರಿಕರು ೩,೦೬,೮೮೭ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಛೇರಿಯು ೨೦೨೨ರಲ್ಲಿ ಅಂದಾಜು ಮಾಡಿತು. ಯುದ್ಧಕ್ಕೆ ಮುಂಚೆ ಇದ್ದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಮಠ ತೊರೆದರು. ಯೆಮನಿನಲ್ಲಿ ೨೦೨೧ರ ಕೊನೆಗೆ ಮೃತರಾದವರು ೩,೭೭,೦೦೦ ಎಂದೂ, ಅವರಲ್ಲಿ ಸುಮಾರು ನೂರಕ್ಕೆ ೬೦ ಮಂದಿ ಹಸಿವು ರೋಗಗಳಿಂದ ಸತ್ತವರೆಂದೂ ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆಯ ಲೆಕ್ಕ. ಲಿಬಿಯಾದ ದೆರ್ನಾ ಪಟ್ಟಣದ ಮೇಲಣ ಎರಡು ಕಟ್ಟೆಗಳು ೨೦೨೩ರ ಸೆಪ್ಟೆಂಬರಿನ ಬಿರುಗಾಳಿಮಳೆಗೆ ಒಡೆದು ಸಾವಿರಾರು ಜನ ಸಮುದ್ರದ ಪಾಲಾದರು. ೧೯೭೦ರ ದಶಕದ ಆ ಕಟ್ಟೆಗಳ ಜೀರ್ಣೋದ್ಧಾರವು ಬಹುಕಾಲದಿಂದ ನಿಂತುಹೋಗಿದ್ದಿತು. ಅಣೆಕಟ್ಟಿನ ಬಿರುಕನ್ನು ನೋಡಿ ಬರುವ ಒಬ್ಬ ನೌಕರನೂ ನಿಜಾಮದ ಒಂದು ಮುತ್ತೇ ಎಂಬುದು ಅಲ್ಲಿ ತಿಳಿದುಬಂದಿತು.

೨೦೧೧ರಿಂದ ಜನರು ಪಾಠವನ್ನೂ ಕಲಿತರು. ೨೦೧೯ರಲ್ಲಿ ಆಲ್ಜೀರಿಯಾ ಮತ್ತು ಸುಡಾನ್ ದೇಶಗಳ ಜನರು ಅಧ್ಯಕ್ಷನು ಇಳಿದ ಮೇಲೂ ಬೀದಿಯನ್ನು ಬಿಡಲಿಲ್ಲ. ಸೈನ್ಯವೂ ಇಳಿಯಬೇಕೆಂದು ಕೇಳಿದರು. ಆಳುವವರೂ ಕಲಿತರು. ಸುಡಾನಿನಲ್ಲಿ ನಾಗರಿಕರೊಡನೆ ಅಧಿಕಾರವನ್ನು ಹಂಚಿಕೊಂಡಂತೆ ತೋರಿದ ಸೇನಾನಿಗಳು ೨೦೨೧ರ ಅಕ್ಟೋಬರಿನಲ್ಲಿ ಅದನ್ನು ಹಿಂದಕ್ಕೆ ಕಿತ್ತುಕೊಂಡರು. ೨೦೨೩ರ ಏಪ್ರಿಲ್ ೧೫ರಂದು ಸೈನ್ಯವೂ ಅದು ಪೋಷಿಸಿದ್ದ ಅರೆಸೈನ್ಯವೂ ಪರಸ್ಪರ ಹೊಡೆದಾಟಕ್ಕೆ ತೊಡಗಿದುವು. ಆ ಬೆಂಕಿಯ ಝಳವು ಕರ್ಣಾಟಕಕ್ಕೂ ತಾಗಿತು: ಮೂಲಿಕೆಯ ಔಷಧಗಳನ್ನು ಮಾರುವುದಕ್ಕಾಗಿ ಹೋಗಿದ್ದ ಹಕ್ಕಿಪಿಕ್ಕಿ ಜನಾಂಗದ ಹಲವರು ಸುಡಾನಿನಲ್ಲಿ ಸಿಕ್ಕಿಬಿದ್ದು, ಭಾರತ ಸರ್ಕಾರವು ಕಾವೇರಿಯ ಹೆಸರಿನಿಂದಲೇ ನಡೆಸಿದ ಕಾರ್ಯಾಚರಣೆಯಲ್ಲಿ ಮರಳಿದರು.

ಟ್ಯುನೀಸಿಯಾದ ಮುಂದಿನ ಕಥೆಯು ಬೇರೊಂದು ಪಾಠವನ್ನು ಹೇಳುತ್ತದೆ. ಅಲ್ಲಿ ಚುನಾವಣೆಗಳು ನಡೆದುವು, ಆದರೆ ಸರ್ಕಾರಗಳು ಮೇಲಿಂದ ಮೇಲೆ ಬದಲಾದುವು. ಒಳನಾಡಿನ ನಿರುದ್ಯೋಗವು ಇಳಿಯಲಿಲ್ಲ. ೨೦೧೪ರ ರಾಜ್ಯಾಂಗವು ವಿಧಿಸಿದ್ದ ರಾಜ್ಯಾಂಗ ನ್ಯಾಯಾಲಯವನ್ನು ಪಕ್ಷಗಳು ತಮ್ಮ ತಮ್ಮ ನ್ಯಾಯಾಧೀಶರಿಗಾಗಿ ಕಾದಾಡುತ್ತ ಸ್ಥಾಪಿಸಲೇ ಇಲ್ಲ. ೨೦೨೧ರ ಜುಲೈ ೨೫ರಂದು ಅಧ್ಯಕ್ಷನಾದ ಕೈಸ್ ಸಯೀದನು ಶಾಸನಸಭೆಯನ್ನು ಸ್ತಂಭಗೊಳಿಸಿದಾಗ ಆ ಕ್ರಮವು ಸಿಂಧುವೇ ಅಲ್ಲವೇ ಎಂದು ತೀರ್ಪು ಹೇಳುವ ಪೀಠವೇ ಇರಲಿಲ್ಲ. ಬೇಸತ್ತ ಜನರಲ್ಲಿ ಬಹುಮಂದಿ ಅಂದು ಹರ್ಷಿಸಿದರು. ಒಂದು ವರ್ಷದ ಮೇಲೆ, ಮತದಾರರಲ್ಲಿ ಮೂರರಲ್ಲೊಂದು ಪಾಲೂ ಬಾರದ ಜನಮತದಿಂದ, ಅಧ್ಯಕ್ಷನಿಗೇ ಬಲವನ್ನು ಕೊಡುವ ಹೊಸ ರಾಜ್ಯಾಂಗವು ಬಂದಿತು. ಮುಂದೆ ವಿರೋಧಿ ನಾಯಕರು ಸೆರೆಗೆ ಹೋದರು.

೮. ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಅರಬ ರಾಷ್ಟ್ರಗಳ ವಿಪ್ಲವಕ್ಕೆ ಮೂಲವು ಮುರಿದ ಒಡಂಬಡಿಕೆ ಮತ್ತು ಭಂಗಗೊಂಡ ಮಾನ, ಫಲಭೇದಕ್ಕೆ ಮೂಲವು ಸ್ವಾಮಿಯನ್ನು ಬಿಟ್ಟು ನಿಲ್ಲಬಲ್ಲ ಅಂಗಗಳ ಸದ್ಭಾವ ಅಥವಾ ಅಭಾವ. ಸುಮ್ಮನಿದ್ದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲವೆಂದು ಜನರನ್ನೇ ದೂರುವವರಿದ್ದಾರೆ. ಆದರೆ ಅಂಗಗಳನ್ನು ಕೊಂದವರು ಬೀದಿಗಿಳಿದ ಜನರಲ್ಲ. ಪಕ್ಷವನ್ನೂ ಸಂಘವನ್ನೂ ನ್ಯಾಯಪೀಠವನ್ನೂ ನಾಲ್ಕು ದಶಕಗಳ ಕಾಲ ಹಿಸುಕಿ, ತಾನಿಲ್ಲದಿದ್ದರೆ ಅರಾಜಕತೆಯೆಂದು ಹೆದರಿಸಿದ ಪ್ರಭುವೇ ಆ ಅರಾಜಕತೆಯನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದನು. ಅವನ ಮಾತು ಕಡೆಗೆ ನಿಜವಾದದ್ದು ಅವನ ದೂರದೃಷ್ಟಿಯಿಂದಲ್ಲ, ಅವನ ಕೃತ್ಯದಿಂದ.

ಟ್ಯುನೀಸಿಯಾದಿಂದ ತಿಳಿಯತಕ್ಕದ್ದು ಇದರ ಇನ್ನೊಂದು ಮುಖ. ಅಂಗಗಳು ಇದ್ದರಷ್ಟೇ ಸಾಲದು. ಅವು ಪ್ರಜೆಗೆ ಅನ್ನವನ್ನೂ ನ್ಯಾಯವನ್ನೂ ಮುಟ್ಟಿಸದಿದ್ದರೆ, ಅವನ್ನು ಮುರಿಯುವವನಿಗೆ ಪ್ರಜೆಯೇ ಚಪ್ಪಾಳೆ ತಟ್ಟುವನು.

ಸಿರಿಯಾದ ಪರೀಕ್ಷೆಯು ಈಗ ನಡೆಯುತ್ತಿದೆ. ೨೦೨೫ರ ಮಾರ್ಚಿನಲ್ಲಿ ಹೊಸ ಅಧ್ಯಕ್ಷನಾದ ಅಹ್ಮದ್ ಅಲ್ ಶರಾ ಐದು ವರ್ಷಗಳ ಮಧ್ಯಂತರ ಕಾಲಕ್ಕಾಗಿ ರಾಜ್ಯಾಂಗ ಘೋಷಣೆಗೆ ಸಹಿ ಮಾಡಿದನು. ಅದೇ ತಿಂಗಳಲ್ಲಿ ಕರಾವಳಿಯ ಅಲವೀ ಕುಟುಂಬಗಳು ಸೇಡಿನ ಹತ್ಯೆಗೆ ಸಿಕ್ಕಿದುವು. ಸಹಿಯೂ ಹತ್ಯೆಯೂ ಒಂದೇ ತಿಂಗಳಿನವು. ಒಬ್ಬ ಪ್ರಭುವಿನ ಬದಲಿಗೆ ಇನ್ನೊಬ್ಬನು, ಒಂದು ಪಂಗಡದ ಅಸಬಿಯ್ಯಾದ ಬದಲಿಗೆ ಇನ್ನೊಂದರದು ದಾರವಾಗುವುದಾದರೆ ಹಿಂದಿನ ಕಥೆಯೇ ಮರುಕಳಿಸುವುದು. ಎಲ್ಲ ಪಂಗಡದವರೂ ತಾವು ಮಂದೆಯಲ್ಲ, ವತನದ ಪಾಲುಗಾರರು ಎಂದು ನಂಬುವಂತೆ ಒಂದು ಶಾಸನವೇ ದಾರವಾಗುವುದಾದರೆ, 'ದೌಲಾ' ಶಬ್ದದಲ್ಲಿ ಅಡಗಿರುವ ಸರದಿಯ ಅರ್ಥವು ಕೂಡ ಸಾರ್ಥಕವಾಗುವುದು: ಅಧಿಕಾರವು ಒಬ್ಬರಿಂದ ಒಬ್ಬರಿಗೆ ರಕ್ತವಿಲ್ಲದೆ ತಿರುಗುವುದು.